ಮುಕ್ತಾ ಬರೆದ ಪ್ರಬಂಧ, ಧಾರವಾಡದ ಆ ಹುಡುಗನ ಅರ್ಜಿ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ಒಂದು ಶಿಕ್ಷಕರ ತರಬೇತಿಗೆ ನನ್ನನ್ನೂ ಕರೆದಿದ್ದರು. ವಿಷಯ, 'ಮಕ್ಕಳಲ್ಲಿ ಸೃಜನಶೀಲ ಚಿಂತನೆ'. ಬೆಳಿಗ್ಗೆಯಿಂದ ಸಂಜೆವರೆಗೂ ಐಸ್‌ಕ್ರೀಮ್ ಕಡ್ಡಿಯಲ್ಲಿ ಮನೆ ಕಟ್ಟೋದು, ಹಳೆ ಬಾಟಲಿಯಲ್ಲಿ ಹೂದಾನಿ ಮಾಡೋದು. ಚೆನ್ನಾಗೇ ಇತ್ತು, ಬೇಡ ಅನ್ನಲ್ಲ. ಆದರೆ ಇಡೀ ದಿನದಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ: ಮಗು ತನ್ನ ಬದುಕಿನ ಬಗ್ಗೆಯೇ ಯೋಚನೆ ಮಾಡಿ, ನಮಗೆ ಇಷ್ಟವಾಗದ್ದನ್ನ ಬರೆದರೆ ಏನು ಮಾಡ್ತೀವಿ?

ನನಗೆ ಆಗ ನೆನಪಾದದ್ದು ಮುಕ್ತಾ ಸಾಳ್ವೆ.

1848ರಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದ್ದು ನಿಮಗೆಲ್ಲ ಗೊತ್ತು. ಸಾವಿತ್ರಿಬಾಯಿ ಮೇಲೆ ಸಗಣಿ ಎಸೆದ ಕತೆಯೂ ಗೊತ್ತು. ಪ್ರತಿ ಜನವರಿ 3ಕ್ಕೆ ಪೋಸ್ಟ್ ಹಾಕ್ತೀವಲ್ಲ. ಆದರೆ ಆ ಶಾಲೆಯ ಒಳಗೆ ಏನು ನಡೀತಿತ್ತು, ಮಕ್ಕಳು ಏನು ಬರೀತಿದ್ರು ಅನ್ನೋದನ್ನ ನಾವು ಮಾತಾಡೋದು ಕಡಿಮೆ. ಮುಕ್ತಾ ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಹುಡುಗಿ. ಮಾಂಗ್ ಜಾತಿ, ಅಂದರೆ ಮರಾಠಿ ಸೀಮೆಯಲ್ಲಿ ನಮ್ಮ ಮಾದಿಗರ ಜಾಗದಲ್ಲಿ ಇಟ್ಟಿದ್ದ ಜನ. ವಯಸ್ಸು ಹದಿನಾಲ್ಕರ ಆಸುಪಾಸು. ಓದಿದ್ದು ಕೆಲವೇ ವರ್ಷ. ಆಕೆ ಮಾಂಗ್ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. ಅಮೆರಿಕನ್ ಮಿಷನರಿಗಳು ನಡೆಸುತ್ತಿದ್ದ 'ಜ್ಞಾನೋದಯ' ಪತ್ರಿಕೆ ಅದನ್ನು 1855ರ ಫೆಬ್ರವರಿ, ಮಾರ್ಚ್ ಸಂಚಿಕೆಗಳಲ್ಲಿ ಎರಡು ಕಂತಾಗಿ ಅಚ್ಚುಹಾಕಿತು.

ಅದರಲ್ಲಿ ಆಕೆ ಅಳೋದಿಲ್ಲ. ವಾದ ಮಾಡ್ತಾಳೆ. ವೇದ ನಮ್ಮದು ಮಾತ್ರ, ನಿಮಗೆ ಅದನ್ನು ನೋಡುವ ಅಧಿಕಾರವೂ ಇಲ್ಲ ಅಂತೀರಿ. ಸರಿ. ಹಾಗಾದರೆ ನಮಗೆ ಗ್ರಂಥ ಇಲ್ಲ ಅಂತಾಯ್ತು. ಗ್ರಂಥ ಇಲ್ಲದವರಿಗೆ ಧರ್ಮ ಎಲ್ಲಿಂದ ಬಂತು? ನಮ್ಮ ಧರ್ಮ ಯಾವುದು, ದೇವರೇ ನೀನೇ ಹೇಳಪ್ಪ ಅನ್ನೋ ಧಾಟಿಯಲ್ಲಿ ಕೇಳ್ತಾಳೆ. ಎದುರಾಳಿಯ ಮಾತನ್ನೇ ಒಪ್ಪಿಕೊಂಡು, ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಅವನ ಕೈ ಹಿಡಿದು ತೋರಿಸೋದು ಇದು. ಇವತ್ತಿನ ಎಷ್ಟು ಎಂ.ಎ. ವಿದ್ಯಾರ್ಥಿಗಳಿಗೆ ಇದು ಬರುತ್ತೆ ಹೇಳಿ.

ಆಮೇಲೆ ಆಕೆ ಸೀದಾ ನೆಲಕ್ಕಿಳೀತಾಳೆ. ಪೇಶ್ವೆಗಳ ಕಾಲದಲ್ಲಿ ಗರಡಿಮನೆ ಮುಂದೆ ಹಾದುಹೋದ ಮಾಂಗ್ ಮಹಾರರ ತಲೆ ಕಡಿದು ಗುಲ್ಟೇಕಡಿ ಬಯಲಿನಲ್ಲಿ ಚೆಂಡಾಟ ಆಡಿದ್ದು. ದೊಡ್ಡ ಮನೆಗಳ ಪಾಯಕ್ಕೆ ನಮ್ಮ ಜನರನ್ನು ಹೂತದ್ದು. ಹೆರಿಗೆಯಾದ ನಮ್ಮ ಹೆಂಗಸರಿಗೆ ತಲೆ ಮೇಲೊಂದು ಸೂರಿಲ್ಲದೆ ಮಳೆ ಚಳಿಯಲ್ಲಿ ನಡುಗೋದು. ಈ ಕೊನೆಯದನ್ನ ಪುಣೆಯ ಯಾವ ಪಂಡಿತನೂ ಬರೆದಿರಲಿಲ್ಲ. ಬರೆಯೋದಕ್ಕೆ ಸಾಧ್ಯವೂ ಇರಲಿಲ್ಲ, ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲವಲ್ಲ.

ಆಕೆಗೆ ಅಕ್ಷರ ಕಲಿಸಿದ್ದು ಫುಲೆ ದಂಪತಿ. ಆದರೆ ಇದನ್ನೆಲ್ಲ ಅವರು ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸಲಿಲ್ಲ. ನಿನಗೆ ಗೊತ್ತಿರೋದೂ ವಿದ್ಯೆಯೇ, ಅದನ್ನ ಪುಸ್ತಕಕ್ಕೆ ತರಬಹುದು ಅನ್ನೋ ಧೈರ್ಯ ಆ ಶಾಲೆಯಲ್ಲಿ ಸಿಕ್ಕಿತ್ತು. ಶಾಲೆಗೆ ಬಂದಿದ್ದ ಮೇಜರ್ ಕ್ಯಾಂಡಿ ಅನ್ನೋ ಇಂಗ್ಲಿಷ್ ಅಧಿಕಾರಿ ಮೆಚ್ಚಿ ಮಿಠಾಯಿ ಕೊಟ್ಟಾಗ ಮುಕ್ತಾ, ನಮಗಿದು ಬೇಡ, ಲೈಬ್ರರಿ ಕೊಡಿ ಅಂದಳಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು. ಪ್ರಬಂಧ ಓದಿದ ಮೇಲೆ ನನಗಂತೂ ಇದನ್ನ ನಂಬೋದು ಕಷ್ಟ ಆಗಲಿಲ್ಲ.

ಆ ಪ್ರಬಂಧದಲ್ಲಿ ಮುಕ್ತಾ ಇಂಗ್ಲಿಷ್ ಸರ್ಕಾರವನ್ನ ಹೊಗಳ್ತಾಳೆ. ಪೇಶ್ವೆಗಳು ಹೋದರಲ್ಲ ಅನ್ನೋ ನಿಟ್ಟುಸಿರು ಅದು, ಅರ್ಥ ಆಗುತ್ತೆ. ಆದರೆ ಅದೇ ಕಂಪನಿ ಸರ್ಕಾರ ಮರುವರ್ಷ ಏನು ಮಾಡಿತು ಅನ್ನೋದಕ್ಕೆ ನಮ್ಮ ಧಾರವಾಡಕ್ಕೆ ಬರಬೇಕು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು.

1856ರ ಜೂನ್. ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಧಾರವಾಡದ ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ, ಫೀ ಕೊಡೋಕೂ ತಯಾರಿದ್ದೇನೆ ಅಂತ. ಮುಂಬಯಿ ಸರ್ಕಾರ ಉತ್ತರ ಕೊಟ್ಟಿತು. ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ಅವನನ್ನು ಸೇರಿಸಿಕೊಂಡರೆ ಮಿಕ್ಕವರಿಗೆ ಶಾಲೆಯೇ ಇಲ್ಲದಂತಾಗಬಹುದು, ಆದ್ದರಿಂದ ಆಗೋದಿಲ್ಲ. ಸಾರಾಂಶ ಇಷ್ಟು. ನ್ಯಾಯ ನಿನ್ನದೇ ಕಣಪ್ಪ, ಸೀಟು ಮಾತ್ರ ಇಲ್ಲ! 1857ರಲ್ಲಿ ಭಾರತ ಸರ್ಕಾರ ಈ ನಿಲುವಿಗೆ ತಕರಾರು ತೆಗೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂದರು. ಕಾಗದದ ಮೇಲೆ. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಪ್ರಕರಣವನ್ನ ಎತ್ತಿ ತೋರಿಸಿದರು. ಅವರು ಉಲ್ಲೇಖಿಸಿದ ಸರ್ಕಾರಿ ಕಾಗದಗಳಲ್ಲಿ ಆ ಹುಡುಗನಿಗೆ ಹೆಸರಿಲ್ಲ. ಬರೀ ಒಬ್ಬ ಮಹಾರ್ ಹುಡುಗ.

ಪುಣೆಯಲ್ಲಿ ಒಬ್ಬಳಿಗೆ ಬಾಗಿಲು ತೆರೆದರು, ನಮಗೆ ಒಂದು ಪ್ರಬಂಧ ಸಿಕ್ಕಿತು. ಧಾರವಾಡದಲ್ಲಿ ಮುಚ್ಚಿದರು, ಒಂದು ಅರ್ಜಿ ಉಳಿಯಿತು. ಆ ಹುಡುಗ ಶಾಲೆಯೊಳಗೆ ಕೂತಿದ್ದರೆ ಏನು ಬರೀತಿದ್ದ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕನ್ನಡದಲ್ಲಿ ನಮ್ಮ ಜನ ತಮ್ಮ ನೋವನ್ನ ತಾವೇ ಅಚ್ಚಿಗೆ ತರೋದು ಅಷ್ಟು ತಡ ಆದದ್ದಕ್ಕೆ ಈ ಮುಚ್ಚಿದ ಬಾಗಿಲುಗಳೂ ಕಾರಣ.

ಬಾಬಾಸಾಹೇಬರ ಶಾಲೆಯ ಕತೆ ಬೇರೆ ಹೇಳಬೇಕಿಲ್ಲ. ಸಾತಾರಾದಲ್ಲಿ ಮನೆಯಿಂದ ಗೋಣಿತಾಟು ತಗೊಂಡು ಹೋಗಿ ಮೂಲೆಯಲ್ಲಿ ಕೂರಬೇಕಿತ್ತು, ಜವಾನ ಬರದ ದಿನ ಬಾಯಾರಿಕೆ. ಸಂಸ್ಕೃತ ಓದಬೇಕು ಅಂದರೆ ಬಿಡಲಿಲ್ಲ, ಪರ್ಷಿಯನ್ ತಗೋಬೇಕಾಯ್ತು. ಅದೇ ಹುಡುಗ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿ ಜಾನ್ ಡ್ಯೂಯಿ ಪಾಠ ಕೇಳಿದರು. ಯೋಚನೆ ಶುರುವಾಗೋದೇ ಎಲ್ಲೋ ಒಂದು ಕಡೆ ಎಡವಿದಾಗ, ಅನುಮಾನ ಬಂದಾಗ. ಗಿಳಿಪಾಠ ಒಪ್ಪಿಸೋದು ಯೋಚನೆ ಅಲ್ಲ ಅಂತ ಹೇಳುತ್ತಿದ್ದ ಮೇಷ್ಟ್ರು ಅವರು. ಎಡವಿದ ಅನುಭವ ಬಾಬಾಸಾಹೇಬರಿಗೆ ಬಾಲ್ಯದಿಂದ ಸಾಕಷ್ಟಿತ್ತಲ್ಲ! 1936ರ 'ಜಾತಿ ವಿನಾಶ'ದಲ್ಲಿ ಡ್ಯೂಯಿ ಋಣವನ್ನ ಅವರೇ ನೆನೀತಾರೆ.

ಈಗ ನನ್ನ ಕತೆ. ಏಳನೇ ಕ್ಲಾಸಿನಲ್ಲಿ 'ನಮ್ಮೂರ ಜಾತ್ರೆ' ಅಂತ ಪ್ರಬಂಧ ಕೊಟ್ಟಿದ್ದರು. ಗೈಡಿನಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತು: ಜಾತ್ರೆ ಐಕ್ಯತೆಯ ಸಂಕೇತ, ಬಣ್ಣಬಣ್ಣದ ಅಂಗಡಿಗಳು. ನಾನು ಬರೆದೆ, ನಮ್ಮಪ್ಪ ಮುಂದೆ ತಮಟೆ ಬಡೀತಾರೆ, ತೇರು ನಮ್ಮ ಕೇರಿ ಕಡೆ ತಿರುಗಲ್ಲ, ನಾವು ದೂರ ನಿಂತು ಬಾಳೆಹಣ್ಣು ಎಸೀತೀವಿ, ಅದು ತೇರಿಗೆ ಮುಟ್ಟಲ್ಲ. ಮೇಷ್ಟ್ರು ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು 'ವಿಷಯಕ್ಕೆ ಸಂಬಂಧವಿಲ್ಲ' ಅಂತ ಬರೆದರು. ಹತ್ತಕ್ಕೆ ಎರಡು. ಕೆಟ್ಟ ಮನುಷ್ಯ ಅಲ್ಲ ಅವರು, ನನಗೆ ಪೆನ್ನು ಕೊಡಿಸಿದ್ದೂ ಅವರೇ. ಆದರೆ ಮುಂದಿನ ಸಲದಿಂದ ನಾನು ಗೈಡು ಬಾಯಿಪಾಠ ಮಾಡಿದೆ. ಹತ್ತಕ್ಕೆ ಎಂಟು ಬರೋಕೆ ಶುರುವಾಯ್ತು. ಮತ್ತೆ ನನ್ನದು ಅಂತ ಒಂದು ಸಾಲು ಬರೆಯೋಕೆ ಹದಿನೈದು ವರ್ಷ ಹಿಡೀತು.

2020ರ ಶಿಕ್ಷಣ ನೀತಿಯಲ್ಲೂ ಸೃಜನಶೀಲತೆ, ವಿಮರ್ಶಾತ್ಮಕ ಚಿಂತನೆ ಅನ್ನೋ ಪದಗಳು ಬೇಕಾದಷ್ಟಿವೆ. ಕೇರಿಯ ಮಗು ಜಾತ್ರೆ ಬಗ್ಗೆ ಬರೆದದ್ದಕ್ಕೆ ಎಷ್ಟು ಮಾರ್ಕ್ಸು ಅನ್ನೋದು ಅಲ್ಲಿಲ್ಲ, ಅದು ಪೇಪರ್ ತಿದ್ದುವವರ ಕೈಯಲ್ಲಿದೆ. ನನ್ನ ಪ್ರೊಫೈಲಿನಲ್ಲಿ ಮೇಷ್ಟ್ರು ಮೇಡಮ್ಮುಗಳು ತುಂಬಾ ಜನ ಇದ್ದೀರಿ, ನಿಮಗೇ ಹೇಳ್ತಿರೋದು.

ನಮ್ಮ ಕೇರಿಯ ಸಂಜೆ ಪಾಠದಲ್ಲಿ ಹೋದ ವಾರ ಮುಕ್ತಾಳ ಪ್ರಬಂಧದ ಕತೆ ಹೇಳಿ, ನಿಮಗೇನು ಕೇಳಬೇಕು ಅನ್ಸುತ್ತೆ ಬರೀರಿ ಅಂದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು: ನೀರಿನ ಟ್ಯಾಂಕು ಊರೊಳಗೇ ಯಾಕೆ ಕಟ್ಟಿದ್ದಾರೆ, ನಮ್ಮ ಕಡೆ ಪೈಪು ಕೊನೆಗೆ ಬರೋದು ಯಾಕೆ, ಇದನ್ನ ಯಾರು ತೀರ್ಮಾನ ಮಾಡಿದ್ರು. ಜೊತೆಗೆ ಟ್ಯಾಂಕಿನಿಂದ ಅವಳ ಮನೆವರೆಗೆ ಪೈಪಿನ ನಕ್ಷೆ ಬೇರೆ ಬರೆದಿದ್ದಾಳೆ. ಅದನ್ನ ನಕಲು ತೆಗೆಸಿ ಪಂಚಾಯ್ತಿಗೆ ಅರ್ಜಿ ಜೊತೆ ಕೊಡ್ತಿದ್ದೀವಿ, ಅವಳ ಹೆಸರು ಹಾಕಿಯೇ.

ಅಲ್ಲಿ ಇರೋದು ಒಂದು ಕಬ್ಬಿಣದ ಟ್ರಂಕು, ನಲವತ್ತು ಪುಸ್ತಕ. ಮಕ್ಕಳು ಎಲ್ಲಾ ಓದಿ ಮುಗಿಸಿದ್ದಾರೆ. ಗೈಡು ಬೇಡ; ಕತೆ, ಚರಿತ್ರೆ, ವಿಜ್ಞಾನ, ಏನಿದ್ರೂ ಸರಿ. ಹಳೇದಾದ್ರೂ ಕಳಿಸಿ, ಇನ್‌ಬಾಕ್ಸ್ ಮಾಡಿ, ವಿಳಾಸ ಕೊಡ್ತೀನಿ.

ಜೈಭೀಮ್.