ಕೂಸನ್ನು ನೋಡುವವರು ಯಾರು?

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತು. ಹೊಸನಗರದ ಕಡೆಯ ಒಂದು ಪ್ರೌಢಶಾಲೆ. ಆಷಾಢದ ಮಳೆ ಹಿಡಿದು ಸುರಿಯುತ್ತಿತ್ತು. ಗದ್ದೆಗಳಲ್ಲಿ ನೆಟ್ಟಿಯ ಕೆಲಸ ಬಿರುಸಾಗಿದ್ದ ದಿನಗಳವು. ಹಾಜರಿ ಕರೆದರೆ ಹುಡುಗಿಯರ ಸಾಲಿನಿಂದ ಉತ್ತರವೇ ಬಾರದು. ನಾಲ್ಕು ದಿನ ಬಿಟ್ಟು ಬಂದ ಒಬ್ಬಳನ್ನು ನಿಲ್ಲಿಸಿ ಗದರಿಸಿದೆ. "ಅವ್ವ ನೆಟ್ಟಿಗೆ ಹೋಗಿತ್ತು ಸಾರ್, ಕೂಸು ನೋಡಕ್ಕೆ ಯಾರೂ ಇರ್ಲಿಲ್ಲ" ಎಂದಳು. ಅಂದು ನಾನು ಹೇಳಿಕೊಡುತ್ತಿದ್ದದ್ದು ತತ್ಸಮ ತದ್ಭವಗಳ ಪಾಠ. 'ಧಾತ್ರಿ' ಎಂಬ ಸಂಸ್ಕೃತ ಶಬ್ದವೇ ನಮ್ಮಲ್ಲಿ 'ದಾದಿ' ಆಯಿತೆಂದು ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಎದುರಿಗೆ ನಿಂತಿದ್ದ ಹದಿಮೂರು ವರ್ಷದ ದಾದಿಯ ಗುರುತು ನನಗೆ ಹತ್ತಲಿಲ್ಲ.

ಎಳೆಯ ಮಕ್ಕಳ ಲಾಲನೆ ಪಾಲನೆಯ ಶಾಸ್ತ್ರವನ್ನು ನಾವು ಪಶ್ಚಿಮದವರಿಂದ ಕಲಿತೆವೆಂದು ಹೇಳುವವರುಂಟು. ಅಂಥವರು ಚರಕಸಂಹಿತೆಯ ಶಾರೀರಸ್ಥಾನದ ಕೊನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ 'ಕುಮಾರಾಗಾರ', ಎಂದರೆ ಮಗುವಿನ ಮನೆ, ಹೇಗಿರಬೇಕೆಂಬುದರ ವರ್ಣನೆಯಿದೆ. ಕಟ್ಟಡ ಗಟ್ಟಿಯಾಗಿರಬೇಕು, ಕತ್ತಲಿರಕೂಡದು, ಗಾಳಿ ನೇರವಾಗಿ ಬಡಿಯದೆ ಒಂದು ಕಡೆಯಿಂದ ಆಡಬೇಕು, ಇಲಿ, ಹುಳುಹುಪ್ಪಟೆ ಸುಳಿಯಬಾರದು, ನೀರು, ಅಡುಗೆ, ಸ್ನಾನ, ಶೌಚಗಳಿಗೆ ಒಪ್ಪವಾದ ಏರ್ಪಾಡಿರಬೇಕು. ಹಾಸುಹೊದಿಕೆ ಕೊಳೆಯಾದರೆ ಬದಲಿಸಬೇಕು. ಬೇರೆ ಇಲ್ಲದವರು ಅದನ್ನೇ ಒಗೆದು, ಧೂಪ ಹಾಕಿ, ಚೆನ್ನಾಗಿ ಒಣಗಿಸಿ ಬಳಸಬೇಕು. ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ಮಲೆನಾಡಿನ ಬಚ್ಚಲೊಲೆಯ ನೆನಪು. ಮೂರು ತಿಂಗಳು ಬಿಸಿಲೇ ಕಾಣದ ಊರಿನಲ್ಲಿ ಕೂಸಿನ ಬಟ್ಟೆ ಒಣಗುವುದು ಆ ಒಲೆಯ ಕಾವಿನಿಂದಲೇ ಅಲ್ಲವೆ?

ಆಟಿಕೆಗಳ ವಿಷಯದಲ್ಲಿ ಚರಕನ ಮಾತು ಇನ್ನೂ ಸ್ವಾರಸ್ಯವಾಗಿದೆ. ಬಣ್ಣಬಣ್ಣದವಾಗಿರಲಿ, ಸದ್ದು ಮಾಡಲಿ, ಹಗುರವಾಗಿರಲಿ. ಆದರೆ ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ಮಗು ಅತ್ತರೆ, ಉಣ್ಣದಿದ್ದರೆ ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಕೂಡದೆಂದೂ ಅವನು ವಿಧಿಸುತ್ತಾನೆ. ಗುಮ್ಮನನ್ನು ಕರೆಯದೆ ಒಂದು ತುತ್ತು ತಿನ್ನಿಸಲಾರದ ನಮ್ಮ ಮನೆಗಳಲ್ಲಿ ಈ ಮಾತು ಎಷ್ಟು ನಡೆದಿದೆಯೋ ಓದುಗರೇ ಹೇಳಬೇಕು.

ಮನೆಯಾಯಿತು, ಆಟಿಕೆಯಾಯಿತು. ನೋಡಿಕೊಳ್ಳುವ ಜನ? 'ನಾಯಾಧಮ್ಮಕಹಾ' ಎಂಬ ಪ್ರಾಕೃತ ಜೈನಾಗಮದಲ್ಲಿ ಶ್ರೇಣಿಕ ಮಹಾರಾಜನ ಮಗ ಮೇಘಕುಮಾರನಿಗೆ ಐವರು ಧಾತ್ರಿಯರಿದ್ದರೆಂದು ಬರುತ್ತದೆ. ಹಾಲೂಡುವವಳು ಕ್ಷೀರಧಾತ್ರಿ, ಮೀಯಿಸುವವಳು ಮಜ್ಜನಧಾತ್ರಿ, ಸಿಂಗರಿಸುವವಳು ಮಂಡನಧಾತ್ರಿ, ಆಡಿಸುವವಳು ಕ್ರೀಡನಧಾತ್ರಿ. ಐದನೆಯವಳು ಅಂಕಧಾತ್ರಿ. ಅಂಕವೆಂದರೆ ತೊಡೆ, ಮಡಿಲು. ಮಗುವನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳುವುದೇ ಅವಳ ಉದ್ಯೋಗ. ಮಡಿಲನ್ನೂ ಹಾಲು ನೀರುಗಳಂತೆ ಒಂದು ಪ್ರತ್ಯೇಕ ಅಗತ್ಯವೆಂದು ಎಣಿಸಿದ ಆ ಕಾಲದವರ ವಿವೇಕ ದೊಡ್ಡದು. ಮೊದಲ ವರ್ಷಗಳಲ್ಲಿ ಪರಿಚಿತವಾದ ಕೆಲವೇ ಕೈಗಳು, ಅತ್ತಾಗ ಓಗೊಡುವ ಒಂದೇ ದನಿ ಮಗುವಿಗೆ ಬೇಕೆಂದು ಇಂದಿನ ಶಿಶುವಿಜ್ಞಾನಿಗಳು ಹೇಳುವುದೂ ಇದನ್ನೇ.

ಆ ಮಡಿಲು ಹೆತ್ತವಳದೇ ಆಗಬೇಕೆಂದಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಹೊಸನಗರ ತಾಲ್ಲೂಕಿನಲ್ಲೇ ಕಲ್ಲಿನಲ್ಲಿದೆ. ಹುಂಚದ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ಗಂಗರ ರಕ್ಕಸನ ಮೊಮ್ಮಗಳು, ಪಲ್ಲವ ಕಾಡುವೆಟ್ಟಿಯ ರಾಣಿ. ಗಂಡನನ್ನು ಕಳೆದುಕೊಂಡ ಅವಳು ಸಾಂತರರ ಮನೆಯಲ್ಲಿದ್ದ ತನ್ನ ತಂಗಿ ಬೀರಲದೇವಿಯ ನಾಲ್ವರು ಮಕ್ಕಳನ್ನು, ತೈಲ, ಗೊಗ್ಗಿಗ, ಒಡ್ಡುಗ, ಬರ್ಮರನ್ನು, ತನ್ನ ಮಕ್ಕಳೆಂದೇ ಭಾವಿಸಿದಳೆಂದು ಶಾಸನ ಹೇಳುತ್ತದೆ. ಗತಿಸಿದ ತಂದೆ ತಾಯಿ ತಂಗಿಯರ ನೆನಪಿಗಾಗಿ 'ಉರ್ವೀತಿಲಕ'ವೆಂಬ ಆ ಬಸದಿಯನ್ನು ಆ ಮಕ್ಕಳೊಡಗೂಡಿಯೇ ಎತ್ತಿಸಿದಳು. ಹುಂಚಕ್ಕೆ ಹೋಗುವವರು ಪದ್ಮಾವತಿಯ ದರ್ಶನ ಮಾಡಿ ಹಿಂತಿರುಗಿಬಿಡುತ್ತಾರೆ. ಈ ದೊಡ್ಡಮ್ಮನ ಕಥೆಗಾಗಿ ಇನ್ನೊಂದು ಗಳಿಗೆ ನಿಲ್ಲಬಹುದು.

ಅರಮನೆಯ ಮಾತು ಇದಾಯಿತು. ದೊಡ್ಡ ಮನೆಗಳಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ ಎಂದು ಮಡಿಲುಗಳಿಗೆ ಬರಗಾಲವಿರಲಿಲ್ಲ. ಅಡಿಕೆ ಹಾಳೆಯ ಮೇಲೆ ಮಲಗಿಸಿ ಕೂಸನ್ನು ಮೀಯಿಸುವ ನುರಿತ ಕೈ ಮನೆಗೊಂದಾದರೂ ಇರುತ್ತಿತ್ತು. ಆದರೆ ಕೂಲಿಯವಳ ಕೂಸು? ನೆಟ್ಟಿಯ ದಿನ ಅದು ಗದ್ದೆಯ ಅಂಚಿನಲ್ಲಿ ಗೊರಬಿನ ಅಡಿ ಮಲಗುತ್ತಿತ್ತು. ಕೊಯ್ಲಿನ ಕಾಲದಲ್ಲಿ ತಾಯಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಚಪ್ಪರದ ಗಳಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ತೂಗುತ್ತಿತ್ತು. ಇಲ್ಲವಾದರೆ ಅಕ್ಕನ ಸೊಂಟದ ಮೇಲೆ. ಆ ಅಕ್ಕನಿಗೆ ಶಾಲೆ ತಪ್ಪುತ್ತಿತ್ತು.

ಪಶ್ಚಿಮದಲ್ಲಿ ಈ ಪ್ರಶ್ನೆ ಎದ್ದದ್ದು ಗಿರಣಿಗಳಿಂದ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನಲ್ಲಿ ರಾಬರ್ಟ್ ಓವೆನ್ ಎಂಬ ಗಿರಣಿಯ ಒಡೆಯ 1816ರಲ್ಲಿ ಕೆಲಸಗಾರರ ಪುಟ್ಟ ಮಕ್ಕಳಿಗೆ ಶಾಲೆ ತೆರೆದ. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದಿತು. 1951ರ ಪ್ಲಾಂಟೇಶನ್ ಕಾಯಿದೆ ದೊಡ್ಡ ತೋಟಗಳಿಗೂ ಹಾಗೆಯೇ ಹೇಳಿತು. ಆದರೆ ಅದು ಹೆಸರಿಸಿದ್ದು ಚಹಾ, ಕಾಫಿ, ರಬ್ಬರು, ಸಿಂಕೋನಾಗಳನ್ನು. ಅಡಿಕೆಯ ಹೆಸರು ಅಲ್ಲಿರಲಿಲ್ಲ. ನಾಲ್ಕೆಕರೆಯ ತೋಟದಲ್ಲಿ ಐವರು ಹೆಂಗಸರು ದುಡಿಯುವ ಸಾಗರ, ತೀರ್ಥಹಳ್ಳಿಗಳಿಗೆ ಆ ಕಾನೂನುಗಳ ನೆರಳು ತಾಕಲಿಲ್ಲ.

ನಮಗೆ ಹೊಂದುವ ದಾರಿ ಕಂಡವರು ತಾರಾಬಾಯಿ ಮೋಡಕರು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ತೆರೆದ ಬಾಲಮಂದಿರದಲ್ಲಿ ಪಳಗಿದ ಈ ತಾಯಿ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅದರ ಕೇಂದ್ರಗಳಿಗೆ ಬಂದ ಹೆಸರೂ ಅಂಗಳದ್ದೇ: ಅಂಗನವಾಡಿ. ಕರ್ನಾಟಕದಲ್ಲಿ ಮೊದಲು ತೆರೆದದ್ದು ತಿರುಮಕೂಡಲು ನರಸೀಪುರದಲ್ಲಿ. ನಮ್ಮ ಕಡೆಯ ಮುದುಕಿಯರು ಈಗಲೂ 'ಬಾಲವಾಡಿ' ಎನ್ನುತ್ತಾರೆ. ಅದನ್ನು ತಿದ್ದಲು ನಾನು ಹೋಗಿಲ್ಲ.

ಅಂಗನವಾಡಿಯಿಂದ ಆದ ಉಪಕಾರ ಸಣ್ಣದಲ್ಲ. ಬಿಸಿಯೂಟ, ಚುಚ್ಚುಮದ್ದು, ತೂಕ, ಹಾಡು, ಆಟ ಎಲ್ಲವೂ ಬಡವರ ಮಕ್ಕಳಿಗೆ ದೊರೆತವು. ಆದರೂ ಅದು ಮೂರು ತುಂಬಿದವರ ತಾಣ. ಮೂರರೊಳಗಿನ ಕೂಸಿಗೆ ಮನೆಗೊಯ್ಯುವ ಆಹಾರದ ಪೊಟ್ಟಣ ಸಿಗುತ್ತದೆಯೇ ಹೊರತು ದಿನವಿಡೀ ಮಡಿಲು ಸಿಗುವುದಿಲ್ಲ. ಈ ಕೊರತೆಗಾಗಿಯೇ ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸಾರಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಎಂಬುದು ಅದರ ಉದ್ದೇಶ. ಚರಕನ ಕುಮಾರಾಗಾರವೇ ಅಚ್ಚಗನ್ನಡದಲ್ಲಿ ಮರಳಿ ಬಂದಂತಾಯಿತು. ಹೆಸರಿಟ್ಟವರಿಗೆ ಪಂಡಿತನಾದ ನನ್ನ ನಮಸ್ಕಾರ.

ಹೆಸರಿನಷ್ಟೇ ಲೆಕ್ಕವೂ ಮುಖ್ಯ. ಮೂರರೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಇಪ್ಪತ್ತು ಮಕ್ಕಳಿಗೆ ಒಬ್ಬರು ಎಂದು 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿ ಗೊತ್ತುಮಾಡಿತು. ಮೇಘಕುಮಾರನಿಗೆ ಐವರು, ಇಲ್ಲಿ ಹತ್ತು ಕೂಸುಗಳಿಗೆ ಒಬ್ಬಳು. ಅವಳ ಸಂಬಳಕ್ಕೆ ಗೌರವಧನವೆಂದು ಹೆಸರು. ಗೋಡೆಗೆ ಚಿತ್ರ ಬರೆಸಲು ಹಣ ಹೊಂದಿಸುವವರು ಇನ್ನೊಬ್ಬ ಸಹಾಯಕಿಯ ಮಾತೆತ್ತಿದರೆ ಮೌನ ತಾಳುತ್ತಾರೆ. ನನ್ನನ್ನು ಕೇಳಿದರೆ ಚಿತ್ರವಿಲ್ಲದಿದ್ದರೂ ನಡೆದೀತು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಒಳಗಿನ ಒಂದು ಅಂಗನವಾಡಿಗೆ ಹೋಗಿದ್ದೆ. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ಗುಡ್ಡ, ಹಳ್ಳ, ಕಾಡು. ಒಟ್ಟಿಲಾದ ಊರುಗಳಿಗೆ ಮಾಡಿದ ನಿಯಮ ಇಲ್ಲಿಗೆ ಒಗ್ಗುವುದಿಲ್ಲ. ಜಡಿಮಳೆಯಲ್ಲಿ ಸಹಾಯಕಿ ಒಂದು ಮಗುವನ್ನು ಸೊಂಟದ ಮೇಲಿಟ್ಟು, ಇನ್ನೊಂದರ ಕೈಹಿಡಿದು, ಅಡಿಕೆ ಮರದ ಸಂಕ ದಾಟಿ ಬಂದಳು. ಒಳಗೆ ಬಂದವಳೇ ಮಕ್ಕಳ ತಲೆ ಒರೆಸಿದಳು. ತನ್ನ ಸೆರಗು ಹಿಂಡಿಕೊಳ್ಳುವ ಮೊದಲೇ ಚಿಕ್ಕದು ಅವಳ ತೊಡೆಯೇರಿ ಕುಳಿತಿತ್ತು. ಹಳ್ಳ ಏರಿದ್ದರಿಂದ ಆಚೆ ದಡದ ಮಕ್ಕಳು ಅಂದು ಬರಲಿಲ್ಲ.