ತಾರತಮ್ಯ, ಕನಿಷ್ಠ, ಬೆಟರ್: ಕನ್ನಡದಲ್ಲಿ ಎರವಲು ತರತಮ ರೂಪಗಳ ಚರಿತ್ರೆ

ಇಂಗ್ಲಿಷಿನ ‘ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್’ ಮಾದರಿಯ ರೂಪಸರಣಿ ಕನ್ನಡದ ಗುಣವಾಚಕಗಳಿಗಾಗಲಿ ಕ್ರಿಯಾವಿಶೇಷಣಗಳಿಗಾಗಲಿ ಇಲ್ಲ. ದ್ರಾವಿಡ ಭಾಷೆಗಳಲ್ಲಿ ಹೋಲಿಕೆಯನ್ನು ಗುಣವಾಚಕಕ್ಕೆ ಹತ್ತುವ ಪ್ರತ್ಯಯವು ಸೂಚಿಸುವುದಿಲ್ಲವೆಂಬುದನ್ನು ಕಾಲ್ಡ್‌ವೆಲ್ 1856ರಲ್ಲಿಯೇ ಗುರುತಿಸಿದ್ದರು. ಕನ್ನಡದಲ್ಲಿ ಆ ಹೊಣೆ ಹೋಲಿಕೆಯ ಆಧಾರಪದದ್ದು. ಚತುರ್ಥಿಯ ಮೇಲೆ ‘ಇಂತ’ ಸೇರಿ ‘ಅದಕ್ಕಿಂತ’ ಎಂದಾಗುತ್ತದೆ. ‘ದೊಡ್ಡದು’ ಎಂಬುದು ಮಾರ್ಪಡದೆ ಉಳಿಯುತ್ತದೆ. ತಮಿಳಿನ ‘ವಿಡ’ ಬಿಡುವ ಅರ್ಥದ ಧಾತುವಿನಿಂದ, ತೆಲುಗಿನ ‘ಕಂಟೆ’ ಕಾಣುವ ಅರ್ಥದ ಧಾತುವಿನಿಂದ ಬಂದಿರುವುದರಿಂದ ಈ ಸಾಧನಗಳು ಆಯಾ ಭಾಷೆಯಲ್ಲಿ ಬೇರೆಬೇರೆಯಾಗಿ ಬೆಳೆದವೆನ್ನಬೇಕು.

ಇಂತಹ ಭಾಷೆಯು ತರತಮ ಪ್ರತ್ಯಯವುಳ್ಳ ಪದಗಳನ್ನು ಎರವಲು ಪಡೆದಾಗ ಆ ಪ್ರತ್ಯಯದ ಗತಿಯೇನು? ಪಾಣಿನಿಯು ಎರಡರ ಹೋಲಿಕೆಗೆ ‘ತರ’, ‘ಈಯಸ್’ಗಳನ್ನೂ ಅತಿಶಯಕ್ಕೆ ‘ತಮ’, ‘ಇಷ್ಠ’ಗಳನ್ನೂ ವಿಧಿಸಿದ್ದಾನೆ (5.3.55, 57). ‘ಉತ್ತಮ’, ‘ಶ್ರೇಷ್ಠ’ ಎರಡೂ ಮೂಲತಃ ಅತಿಶಯ ರೂಪಗಳು. ‘ಅದಕ್ಕಿಂತ ಇದು ಉತ್ತಮ’ ಎಂಬ ಕನ್ನಡ ವಾಕ್ಯದಲ್ಲಿ ‘ಉತ್ತಮ’ವೆಂದರೆ ಒಳ್ಳೆಯದು, ಅಷ್ಟೆ. ಅತಿಶಯ ಬೇಕೆಂದರೆ ‘ಅತ್ಯುತ್ತಮ’, ‘ಸರ್ವಶ್ರೇಷ್ಠ’ ಎನ್ನಬೇಕು. ಈ ಸವಕಳಿ ಸಂಸ್ಕೃತದಲ್ಲಿಯೇ ಆರಂಭವಾಗಿತ್ತು. ‘ಶ್ರೇಷ್ಠತಮ’ ಎಂಬ ಇಮ್ಮಡಿ ರೂಪ ಯಜುರ್ವೇದದಷ್ಟು ಹಳೆಯದು. ಕನ್ನಡ ಅದನ್ನು ಪೂರ್ಣಗೊಳಿಸಿತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಆಡುಮಾತಿನಲ್ಲಿ ಇದೇ ಪ್ರಕ್ರಿಯೆ ಮರುಕಳಿಸಿದೆ. ‘ಅದಕ್ಕಿಂತ ಇದು ಬೆಟರ್’ ಎನ್ನುವಾಗ ಹೋಲಿಕೆಯ ಕೆಲಸ ‘ಇಂತ’ದ್ದೇ, ‘ಬೆಟರ್’ ‘ಉತ್ತಮ’ದ ಸ್ಥಾನದಲ್ಲಿ ಕುಳಿತಿದೆ. ಗಮನಾರ್ಹವಾದುದು ಕ್ರಿಯಾವಿಶೇಷಣ: ‘ಅವನಿಗಿಂತ ಫಾಸ್ಟಾಗಿ’ ಎಂಬುದು ಸಹಜ, ‘ಫಾಸ್ಟರಾಗಿ’ ಅಲ್ಲ. ಪ್ರತ್ಯಯ ಎದ್ದುಕಾಣುವಲ್ಲಿ ಕನ್ನಡ ಅದನ್ನು ಹೊರಗಿಡುತ್ತದೆ. ‘ಗುಡ್’ನೊಂದಿಗೆ ಧ್ವನಿಸಾಮ್ಯವೇ ಇಲ್ಲದ ‘ಬೆಟರ್’ ಇಡಿಯಾಗಿ ಒಳಬರುತ್ತದೆ.

ಪೀಣ್ಯದ ಕಾರ್ಮಿಕರಿಗೆ ಅಗತ್ಯವಾದ ಎರಡು ಪದಗಳ ದಾರಿ ಬೇರೆ. ‘ವೇತನ ತಾರತಮ್ಯ’ದಲ್ಲಿ ಪ್ರಕೃತಿಯಿಲ್ಲದ ಪ್ರತ್ಯಯಗಳೇ ನಾಮಪದವಾಗಿವೆ, ಮಾಧ್ವ ಸಿದ್ಧಾಂತದಲ್ಲಿ ಜೀವರ ಶ್ರೇಣಿಯನ್ನು ಹೇಳುವ ಪಾರಿಭಾಷಿಕ ಪದ ಇಲ್ಲಿ ಅನ್ಯಾಯದ ಹೆಸರು. ‘ಕನಿಷ್ಠ’ವು ‘ಅಲ್ಪ’ದ ಅತಿಶಯ ರೂಪ. ಅದು ಅನುವಾದಿಸುವ ಲ್ಯಾಟಿನ್ ಮೂಲದ ‘ಮಿನಿಮಮ್’ ಸಹ ಅತಿಶಯ ರೂಪವೇ. ಪದಾರ್ಥದಂತೆ ನೋಡಿದರೆ ಕನಿಷ್ಠಕ್ಕಿಂತ ಕಡಿಮೆ ಇರಲಾರದು. ಆದರೆ 1948ರ ಕನಿಷ್ಠ ವೇತನ ಕಾಯಿದೆಯ 12ನೆಯ ಪ್ರಕರಣ ನಿಷೇಧಿಸಿದ್ದು ಅದನ್ನೇ. ‘ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದಾರೆ’ ಎಂಬ ದೂರಿಗೆ ಅರ್ಥ ಬರುವುದು, ‘ಕನಿಷ್ಠ’ವು ಹೋಲಿಕೆಯ ತುದಿಯಾಗಿ ಉಳಿಯದೆ ಸರ್ಕಾರ ಗೊತ್ತುಪಡಿಸಿದ ದರದ ಹೆಸರಾಗಿ, ತಾನೇ ಆಧಾರಪದದ ಭಾಗವಾಗಿ ‘ಇಂತ’ದ ಎಡಕ್ಕೆ ಬಂದುದರಿಂದ.