ಹಂಚು ಕೈಯಾಡಿಸುವ ರಜೆ

ಮುಂಬಯಿಯವರು ಬೇಸಿಗೆಯಲ್ಲಿ ಊರಿಗೆ ಬರುವುದು ಮಾವು-ಹಲಸು ತಿನ್ನಲಿಕ್ಕೆ, ಕೋಲ-ಆಟ ನೋಡಲಿಕ್ಕೆ ಎಂದು ಊರಿನವರು ತಮಾಷೆ ಮಾಡುವುದುಂಟು. ಅದು ಸುಳ್ಳೇನಲ್ಲ. ಆದರೆ ಇಲ್ಲಿ ವಾಶಿಯಲ್ಲಿ ನೆಲೆಸಿರುವ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಹಿರಿಯರ ಹತ್ತಿರ ಕೂತು ಅವರ ಹಳೆಯ ಮೇ ತಿಂಗಳುಗಳ ಲೆಕ್ಕ ಕೇಳಿದರೆ ಬೇರೆಯೇ ಒಂದು ಚರಿತ್ರೆ ಹೊರಬರುತ್ತದೆ. ಅವರ ಅರ್ಧ ರಜೆ ಏಣಿಯ ಮೇಲೆ ಕಳೆದದ್ದು.

ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಜೂನ್ ಮೊದಲ ವಾರ ಹಿಡಿದರೆ ಅದು ಬೇಗ ಬಿಡುವುದಿಲ್ಲ. ಹಾಗಾಗಿ ಮನೆಯ ಕೆಲಸಕ್ಕೆ ಒಂದು ಗಡುವು ಇತ್ತು: ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಕೋಲ-ನೇಮಗಳು ನಿಂತು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಮಾಡು ಸರಿಯಾಗಬೇಕು, ಬಾವಿಯ ಕೆಸರು ತೆಗೆಯಬೇಕು, ತೋಟದ ಕಣಿ ಬಿಡಿಸಬೇಕು, ಸೌದೆ ಒಳಗೆ ಸೇರಬೇಕು, ಜಗಲಿಗೆ ಎರಚಲು ಹೊಡೆಯದ ಹಾಗೆ ಮಡಲಿನ ತಟ್ಟಿ ಕಟ್ಟಬೇಕು.

ಮುಳಿಹುಲ್ಲಿನ ಮಾಡಿದ್ದ ಕಾಲದಲ್ಲಿ ಇದು ಹಣದಿಂದ ಆಗುವ ಕೆಲಸವಾಗಿರಲಿಲ್ಲ. ಹುಲ್ಲು ಕೊಯ್ಯಲು, ಹೊರಲು, ಹೊದೆಸಲು ಪ್ರತಿವರ್ಷವೂ ಜನ ಬೇಕು. ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ನೆರೆಹೊರೆಯವರೇ ಕೂಡಿ ಮುಗಿಸಬೇಕು.

ಇದನ್ನು ಬದಲಿಸಿದ್ದು ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್‌ಸ್ಟ್. ನೇತ್ರಾವತಿಯ ಆವೆಮಣ್ಣಿನಿಂದ ಅಚ್ಚೊತ್ತಿ ಸುಟ್ಟ ಈ ಹಂಚಿಗೆ ಮೊಳೆ ಬೇಡ, ಗಾರೆ ಬೇಡ. ಒಂದರ ಅಂಚು ಇನ್ನೊಂದರ ಕೊಕ್ಕೆಗೆ ಸಿಕ್ಕಿಕೊಂಡು ರೀಪಿನ ಮೇಲೆ ಕೂರುತ್ತದೆ. ತೆಂಗಿನಕಾಯಿ ಬಿದ್ದು ಒಂದು ಒಡೆದರೆ ಒಂದನ್ನೇ ತೆಗೆದು ಇನ್ನೊಂದಿಟ್ಟರಾಯಿತು. ಆದರೆ ಸಂದಿನಲ್ಲಿ ತರಗೆಲೆ ಕೂತು, ಪಾಚಿ ಬೆಳೆದು ನೀರು ಹಿಂದಕ್ಕೆ ಬರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಹಂಚು ಕೈಯಾಡಿಸುವುದು: ಸಾಲುಸಾಲಾಗಿ ಇಳಿಸಿ, ಉಜ್ಜಿ, ಗೆದ್ದಲು ಹಿಡಿದ ಪಕ್ಕಾಸಿಗೆ ಗೇರೆಣ್ಣೆ ಬಳಿದು, ಮತ್ತೆ ಕೂರಿಸುವುದು.

ಈ ಹಂಚು ಹಡಗೇರಿ ಮುಂಬಯಿಗೂ ಬಂತು. ಮರಾಠಿಯವರು ಇವತ್ತಿಗೂ ಅದನ್ನು ‘ಮಂಗಳೂರಿ ಕೌಲ’ ಎನ್ನುತ್ತಾರೆ. ಇಲ್ಲಿಯವರ ಬಾಯಲ್ಲಿ ಆ ಹೆಸರು ಕೇಳಿದಾಗಲೆಲ್ಲ, ನಮ್ಮಲ್ಲಿ ಎಷ್ಟೋ ಜನಕ್ಕಿಂತ ಮೊದಲು ನಮ್ಮೂರಿನ ಮಣ್ಣು ಈ ಕಡೆಗೆ ಬಂದಿತ್ತಲ್ಲ ಅಂತ ನನಗೆ ಅನಿಸುತ್ತದೆ.

ಹಂಚು ಬಂದ ದಾರಿಯಲ್ಲೇ ನಮ್ಮ ಜನವೂ ಬಂದರು, ಹೋಟೆಲಿನ ಕೆಲಸಕ್ಕೆ, ರಾತ್ರಿಶಾಲೆಗೆ, ಆಮೇಲೆ ಬ್ಯಾಂಕು-ಆಫೀಸುಗಳಿಗೆ. ಮಂಗಳೂರು-ಮುಂಬಯಿ ಹಡಗು ಓಡುತ್ತಿದ್ದ ಕಾಲದಲ್ಲಿ ಮಳೆಗಾಲಕ್ಕೆ ಅದೂ ನಿಲ್ಲುತ್ತಿತ್ತು. ಊರಿಗೆ ಹೋಗುವುದಿದ್ದರೆ ಅದಕ್ಕೆ ಮೊದಲೇ ಹೋಗಿ ಬರಬೇಕು. ಹೋದವನ ಕೈಗೆ ಮನೆಯವರು ಮೊದಲು ಕೊಡುತ್ತಿದ್ದುದು ಏಣಿ. ಹೋಗಲಾಗದವನು ಮನಿಯಾರ್ಡರ್ ಕಳಿಸುತ್ತಿದ್ದ, ‘ಮಾಡಿನ ಖರ್ಚಿಗೆ’ ಎಂದು ಎರಡು ಸಾಲು ಬರೆದು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆಯಿಂದ ಎಷ್ಟೋ ಗೇಣಿದಾರರಿಗೆ ಉಳುವ ಭೂಮಿ ಸ್ವಂತವಾಯಿತು. ನೆಲ ತನ್ನದು ಎಂದಾದ ಮೇಲೆ ಮುಳಿಮಾಡಿಗೆ ಹಂಚು ಹೊದೆಸುವ ಧೈರ್ಯವೂ ಬಂತು. ಎಷ್ಟೋ ಮನೆಗಳಿಗೆ ಆ ಹಂಚು ಬಂದದ್ದು ಮುಂಬಯಿಯ ಸಂಬಳದಿಂದ. ಹುಲ್ಲು ಹೊದೆಸಲು ಬೇಕಿದ್ದ ಕೈಗಳು ಮುಂಬಯಿಗೆ ಹೋದವು, ಆ ಕೈಗಳಿಲ್ಲದೆಯೂ ನಿಲ್ಲಬಲ್ಲ ಮಾಡಿಗೆ ಮುಂಬಯಿಯೇ ಹಣ ಕೊಟ್ಟಿತು.

ಅದೇ ವರ್ಷಗಳಲ್ಲಿ ಇಲ್ಲಿ ಹೊಸ ಊರೊಂದು ಏಳುತ್ತಿತ್ತು. 1970ರಲ್ಲಿ ಸಿಡ್ಕೋ ಹುಟ್ಟಿತು, 1973ರಲ್ಲಿ ಖಾರಿಯ ಸೇತುವೆ ಆಯಿತು, 1992ರಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಬಂತು. ಚಾಳಿನ ಕೋಣೆ ಬಿಟ್ಟು ಸ್ವಂತ ಫ್ಲ್ಯಾಟಿಗೆ ಬಂದವರಲ್ಲಿ ನಮ್ಮವರು ಬಹಳ. ಇಲ್ಲಿಯೂ ಮೇ ತಿಂಗಳಲ್ಲಿ ಹಳೆಯ ಕಟ್ಟಡಗಳ ತಾರಸಿಗೆ ಡಾಂಬರು, ಕಿಟಕಿಗೆ ನೀಲಿ ಟಾರ್ಪಾಲು ಬೀಳುತ್ತದೆ. ಆದರೆ ಅದು ಸೊಸೈಟಿಯ ಕೆಲಸ. ನಾವು ಬಿಲ್ಲು ಕಟ್ಟುತ್ತೇವೆ ಅಷ್ಟೆ, ಏಣಿ ಹತ್ತುವುದಿಲ್ಲ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ, ಮೇ 1ರಿಂದ ಮತ್ಸ್ಯಗಂಧಾ ಓಡತೊಡಗಿದಾಗ ಪನ್ವೇಲಿನಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಊರು. ಘಟ್ಟ ಸುತ್ತಿ ಹೋಗುವ ಬಸ್ಸಿನ ಕಷ್ಟ ತಪ್ಪಿತು. ಇನ್ನು ಮನೆಗಳು ಚೆನ್ನಾಗಿ ಉಳಿಯುತ್ತವೆ ಎಂದು ಎಲ್ಲರಿಗೂ ಅನಿಸಿತ್ತು. ಆದರೆ ದಾರಿ ಹತ್ತಿರವಾದಷ್ಟೂ ಇರುವ ದಿನ ಕಡಿಮೆಯಾಯಿತು. ತಿಂಗಳ ರಜೆ ನಾಲ್ಕು ದಿನಕ್ಕೆ ಇಳಿಯಿತು. ಅದರಲ್ಲಿ ಎರಡು ಮದುವೆ, ಒಂದು ಕೋಲ.

“ಹಂಚು ಹತ್ತುವ ಜನವೇ ಇಲ್ಲ ಮಾರಾಯ್ರೇ, ಶೀಟು ಹಾಕಿಸಿಬಿಡಿ” ಅಂತಾರೆ ಊರಿನವರು. ಹಾಕಿಸುತ್ತಾರೆ ಕೂಡ. ಹಂಚಿನ ಮೇಲೊಂದು ತಗಡಿನ ಮಾಡು ಎದ್ದು, ಇನ್ನು ಹತ್ತಿಪ್ಪತ್ತು ವರ್ಷ ಚಿಂತೆಯಿಲ್ಲ ಎಂದು ಬೀಗ ಬೀಳುತ್ತದೆ. ಶೀಟು ಮಳೆ ತಡೆಯುತ್ತದೆ ನಿಜ. ಆದರೆ ಪಕ್ಕಾಸಿಗೆ ಗೆದ್ದಲು, ಹುಳ ಹಿಡಿಯದಂತೆ ಕಾಯುತ್ತಿದ್ದದ್ದು ದಿನವೂ ಉರಿಯುತ್ತಿದ್ದ ಒಲೆಯ ಹೊಗೆಯೂ ಹೌದು. ಬೀಗ ಹಾಕಿದ ಮನೆಯಲ್ಲಿ ಹೊಗೆ ಇಲ್ಲ, ಮೊದಲ ಹನಿ ಎಲ್ಲಿ ಬಿತ್ತೆಂದು ನೋಡಿ ಪಾತ್ರೆ ಇಡುವವರಿಲ್ಲ. ಹಣ ಇಲ್ಲದೆ ಬಿದ್ದ ಮನೆಗಳಿಗಿಂತ ನೋಡುವವರಿಲ್ಲದೆ ಬಿದ್ದ ಮನೆಗಳೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿವೆ.

ಹಳೆಯ ಮಾಡು ನಮ್ಮನ್ನು ವರ್ಷಕ್ಕೊಮ್ಮೆ ಕರೆಯುತ್ತಿತ್ತು, ಒಂದು ವರ್ಷ ತಪ್ಪಿಸಿದರೆ ಸೋರಿ ನೆನಪಿಸುತ್ತಿತ್ತು. ಸೋರದ ಮಾಡು ಯಾರನ್ನೂ ಕರೆಯುವುದಿಲ್ಲ. ವಾಶಿಯಲ್ಲಿ ಬೆಳೆದ ಮಕ್ಕಳಿಗೆ ಊರು ಉಳಿಯಬೇಕಾದರೆ ಅವರಿಗೆ ಅಲ್ಲಿ ಮಾವಿನಹಣ್ಣಿನ ಜೊತೆ ಒಂದು ಕೆಲಸವೂ ಇರಬೇಕು. ಹತ್ತು ಹಂಚು ಉಜ್ಜಿ ಕೊಟ್ಟರೂ ಸಾಕು.